ಲಿಯು ಡಾಕ್ಟ್ರ ಗೋರಿ ಎಲ್ಲಿ

ಕೆನಡಾದಿಂದ ಫೋನು ಬಂದಾಗ ಸುಂದರ ಅಂಗಳದ ಬದಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಹೆಂಡತಿ ಊರ್ಮಿಳಾ ಒಳಗಿಂದ ಫೋನು ತಂದು, "ನಿಮ್ಮ ಚೀನಿ ಡಾಕ್ಟ್ರ ಮಗಳು" ಅಂತ ಕೈಗೆ ಕೊಟ್ಟಳು.

"ಸುಂದರಣ್ಣ, ನಾನು ಮೇಲಿ. ಬರ್ತಾ ಇದ್ದೇನೆ."

"ಎಲ್ಲಿಗೆ ಅಕ್ಕ?"

"ಎಲ್ಲಿಗೆ ಅಂದ್ರೆ? ಪುತ್ತೂರಿಗೆ ಮಾರಾಯ್ರೆ! ಏಪ್ರಿಲ್ ನಾಲ್ಕಕ್ಕೆ ಚಿಂಗ್‌ಮಿಂಗ್ ಅಲ್ವಾ. ಈ ಸಲ ಅಪ್ಪನ ಗೋರಿ ನಾನೇ ಗುಡಿಸ್ತೇನೆ. ಮತ್ತೆ ಮೂಳೆ ತೆಗೆದು, ಭರಣಿಯಲ್ಲಿ ಹಾಕಿ, ನನ್ನ ಸಂಗಡ ಕರ್ಕೊಂಡು ಹೋಗ್ತೇನೆ. ಪಂಚಾಯತಿನ ಕಾಗದ ಎಲ್ಲ ಆಯ್ತು. ನನಗೂ ಅರವತ್ತೆರಡು. ಇನ್ನು ಯಾವಾಗ?"

"ಆಯ್ತು ಅಕ್ಕ" ಅಂದ ಸುಂದರ.

ಫೋನು ಇಟ್ಟ ಮೇಲೆ ಅವನು ಕತ್ತಿ ಮುಟ್ಟಲಿಲ್ಲ. ಊರ್ಮಿಳಾ ಅಲ್ಲೇ ನಿಂತಿದ್ದಳು.

"ಎಂತ ಅಂತೆ?"

"ಗೋರಿ ಗುಡಿಸ್ಲಿಕ್ಕೆ ಬರ್ತಾರಂತೆ. ಮೂಳೆ ತಗೊಂಡು ಹೋಗ್ಲಿಕ್ಕೆ."

"ಅಯ್ಯೋ ದೇವರೇ. ಯಾವ ಗೋರಿಯಿಂದ?"

ಅದೇ ಪ್ರಶ್ನೆ. ಗೋರಿ ಎಲ್ಲಿ ಉಂಟು ಅಂತ ಸುಂದರನಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವನೇ ನಿಂತು ಮಣ್ಣು ಹಾಕಿಸಿದ ಗೋರಿ. ಅಲ್ಲಿಂದ ಈಚೆ ಪ್ರತಿ ವರ್ಷ ಏಪ್ರಿಲಿನಲ್ಲಿ ಮೇಲಿಯಕ್ಕ ಫೋನು ಮಾಡಿ, "ಅಪ್ಪನ ಚಿಂಗ್‌ಮಿಂಗ್ ಆಯ್ತಾ ಸುಂದರಣ್ಣ?" ಅಂತ ಕೇಳುದು. ಅವನು "ಆಯ್ತು" ಅನ್ನುದು. ಇಪ್ಪತ್ತೊಂದು ಸಲ ಹಾಗೆ ಹೇಳಿದ್ದಾನೆ.

ಸುಂದರ ಸುಳ್ಳು ಹೇಳುವ ಮನುಷ್ಯ ಅಲ್ಲ. ಅವನ ಊರು ನರಿಮೊಗರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾದರೆ ಇದು ಹೇಗಾಯಿತು ಅಂತ ಹೇಳಬೇಕಾದರೆ ಡಾಕ್ಟ್ರ ಕಥೆ ಹೇಳಬೇಕು.

ಲಿಯು ಡಾಕ್ಟ್ರು ಪುತ್ತೂರಿಗೆ ಬಂದದ್ದು ಅರವತ್ತೆಂಟರಲ್ಲಿ. ಸಂಗಡ ಐದು ವರ್ಷದ ಮಗಳು, ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹಲ್ಲು ಕೀಳುವ ಇಕ್ಕಳ, ಕಾಲಲ್ಲಿ ತುಳಿದು ತಿರುಗಿಸುವ ಬೈರಿಗೆ. ಅವರು ಹುಟ್ಟಿದ್ದು ಅಸ್ಸಾಮಿನಲ್ಲಿ. ಅಜ್ಜ ಚೀನಾದಿಂದ ಬಂದು ಚಹಾ ತೋಟದಲ್ಲಿ ಬಡಗಿ ಆಗಿದ್ದವರು. ಅಪ್ಪ ಹಲ್ಲಿನ ಕೆಲಸ ಕಲಿತರು, ಮಗನಿಗೂ ಕಲಿಸಿದರು. ಅರವತ್ತೆರಡರಲ್ಲಿ ಚೀನಾದ ಸಂಗಡ ಯುದ್ಧ ಆಯಿತಲ್ಲ, ಆಗ ಪೊಲೀಸರು ಬಂದು ಇವರನ್ನೂ ಬಸುರಿ ಹೆಂಡತಿಯನ್ನೂ ರೈಲು ಹತ್ತಿಸಿ ರಾಜಸ್ಥಾನದ ಕ್ಯಾಂಪಿಗೆ ಹಾಕಿದರು. ಮಗಳು ಹುಟ್ಟಿದ್ದು ಅಲ್ಲಿ. ಹೆಂಡತಿ ಸತ್ತದ್ದೂ ಅಲ್ಲಿ. ಬಿಟ್ಟ ಮೇಲೆ ಊರಿಗೆ ಹೋದರೆ ಮನೆ ಇಲ್ಲ, ಅಂಗಡಿ ಇಲ್ಲ. ಯಾರೋ ಹೇಳಿದರಂತೆ, ತೆಂಕಿಗೆ ಹೋಗು, ಸಮುದ್ರದ ಬದಿಯವರಿಗೆ ಯುದ್ಧ ಗೊತ್ತಿಲ್ಲ ಅಂತ.

ಪುತ್ತೂರಿನಲ್ಲಿ ಯಾರೂ ಕಲ್ಲು ಬಿಸಾಡಲಿಲ್ಲ. ಹಲ್ಲು ನೋವು ಬಂದವನು ಡಾಕ್ಟ್ರ ಮೂಗು ನೋಡುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಮರದ ಮೆಟ್ಟಿಲು ಹತ್ತಿ ಹೋದರೆ ಅಂಗಡಿ. ಬೋರ್ಡಿನಲ್ಲಿ ಕೆಂಪು ಒಸಡು, ಬಿಳಿ ಹಲ್ಲು. ಮಗಳು ಇಲ್ಲಿಯ ಶಾಲೆಗೇ ಹೋದಳು. ತುಳು, ಕನ್ನಡ ಎರಡೂ ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು.

ಸುಂದರ ಅಲ್ಲಿಗೆ ಸೇರಿದ್ದು ಎಂಬತ್ತರಲ್ಲಿ. ಮೂರನೇ ಕ್ಲಾಸು ಕಲಿತವನು, ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದ. ಅಮ್ಮನಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ತಾಗುತ್ತದೆ ಅಂತ ಅವನೇ ಕಲ್ಲಿಗೆ ಉಜ್ಜಿ ಸರಿ ಮಾಡಿದ್ದ. ಅಮ್ಮನನ್ನು ಪುನಃ ಕರೆದುಕೊಂಡು ಹೋದಾಗ ಡಾಕ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾರು ಮಾಡಿದ್ದು?"

ಬೈಗುಳ ಬೀಳುತ್ತದೆ ಅಂತ ಸುಂದರ ಎರಡು ಹೆಜ್ಜೆ ಹಿಂದೆ ಹೋದ. "ನಾನು" ಅಂದ.

"ನಾಳೆಯಿಂದ ಬಾ."

ಅಷ್ಟೆ. ಇಪ್ಪತ್ತಮೂರು ವರ್ಷ ಅದೇ ಮೆಟ್ಟಿಲು. ಮೇಣದಲ್ಲಿ ಬಾಯಿಯ ಅಚ್ಚು ತೆಗೆಯುದು, ಪ್ಲಾಸ್ಟರು ಹೊಯ್ಯುದು, ಹಲ್ಲು ಕೂರಿಸುದು, ಅರದಲ್ಲಿ ಉಜ್ಜುದು. ಡಾಕ್ಟ್ರು ಕೀಳುದು, ಸುಂದರ ಕಟ್ಟುದು. ಇಬ್ಬರಿಗೂ ಮಾತು ಕಡಿಮೆ. ಬೆಳಿಗ್ಗೆಯಿಂದ ಸಂಜೆವರೆಗೆ ಹತ್ತು ಮಾತು ಆದರೆ ಅದು ಜಾಸ್ತಿ.

ಆ ಅಂಗಡಿಯಲ್ಲಿ ವರ್ಷಕ್ಕೆ ಒಂದು ದಿನ ಸ್ಟೌ ಹಚ್ಚಲಿಕ್ಕೆ ಇರಲಿಲ್ಲ. ಏಪ್ರಿಲ್ ತಿಂಗಳ ಮೊದಲ ವಾರ. ಮೇಣ ಕರಗಿಸುವ ಹಾಗಿಲ್ಲ, ಚಹಾ ಕಾಯಿಸುವ ಹಾಗಿಲ್ಲ. ಮೊದಲ ವರ್ಷ ಸುಂದರನಿಗೆ ವಿಷಯ ಗೊತ್ತಿರಲಿಲ್ಲ.

"ಎಂತ ಡಾಕ್ಟ್ರೆ, ಸೀಮೆಎಣ್ಣೆ ಮುಗೀತಾ?"

"ಎಣ್ಣೆ ಉಂಟು. ಇವತ್ತು ಬೆಂಕಿ ಇಲ್ಲ. ಕೂತ್ಕೊ."

ಆ ದಿನ ಡಾಕ್ಟ್ರು ಕಥೆ ಹೇಳಿದರು. ಹಿಂದೆ ಚೀನಾದಲ್ಲಿ ಒಬ್ಬ ರಾಜಕುಮಾರ. ದಾಯಾದಿಗಳ ಜಗಳದಲ್ಲಿ ರಾಜ್ಯ ಬಿಟ್ಟು ಓಡಿದ. ಹತ್ತೊಂಬತ್ತು ವರ್ಷ ಕಾಡುಮೇಡು ಅಲೆದ. ಸಂಗಡ ಹೋದವರಲ್ಲಿ ಒಬ್ಬ ಸೇವಕ. ಒಂದು ದಿನ ತಿನ್ನಲಿಕ್ಕೆ ಏನೂ ಇಲ್ಲದೆ ರಾಜಕುಮಾರ ಸಾಯುವ ಹಾಗೆ ಆದಾಗ ಆ ಸೇವಕ ತನ್ನ ತೊಡೆಯ ಮಾಂಸ ಕೊಯ್ದು ಸಾರು ಮಾಡಿ ಕುಡಿಸಿದ. ಮುಂದೆ ರಾಜಕುಮಾರ ರಾಜ ಆದ. ಸಂಗಡ ಇದ್ದ ಎಲ್ಲರಿಗೂ ಉಂಬಳಿ ಕೊಟ್ಟ. ಇವನ ನೆನಪೇ ಆಗಲಿಲ್ಲ. ಇವನೂ ಕೇಳಲಿಲ್ಲ. ಮುದಿ ತಾಯಿಯನ್ನು ಹೊತ್ತುಕೊಂಡು ಗುಡ್ಡದ ಕಾಡಿಗೆ ಹೋಗಿ ಕೂತ. ರಾಜನಿಗೆ ನೆನಪಾದಾಗ ತಡ ಆಗಿತ್ತು. ಹುಡುಕಿಕೊಂಡು ಬಂದ, ಸಿಕ್ಕಲಿಲ್ಲ. ಮೂರು ಬದಿಗೆ ಬೆಂಕಿ ಕೊಟ್ಟರೆ ನಾಲ್ಕನೇ ಬದಿಯಿಂದ ಹೊರಗೆ ಬರ್ತಾನೆ ಅಂತ ಯಾರೋ ಬುದ್ಧಿ ಹೇಳಿದರು. ಕೊಟ್ಟರು. ಅವನು ಬರಲಿಲ್ಲ. ಬೆಂಕಿ ಆರಿದ ಮೇಲೆ ನೋಡಿದರೆ ತಾಯಿ ಮಗ ಇಬ್ಬರೂ ಒಂದು ಮರದ ಬುಡದಲ್ಲಿ ಸುಟ್ಟು ಹೋಗಿದ್ದರು. ಆ ದಿನ ರಾಜ್ಯದಲ್ಲಿ ಯಾರೂ ಬೆಂಕಿ ಹಚ್ಚಬಾರದು, ತಣ್ಣಗಿನದ್ದೇ ತಿನ್ನಬೇಕು ಅಂತ ರಾಜ ಕಟ್ಟು ಮಾಡಿದ. ಮರುವರ್ಷ ಅವನೇ ಬಂದು ಆ ಜಾಗ ಗುಡಿಸಿದ.

"ಆ ರಾಜನಿಗೆ ತಲೆ ಸರಿ ಇರಲಿಲ್ವಾ ಡಾಕ್ಟ್ರೆ? ಕಾಡಿಗೆ ಬೆಂಕಿ ಕೊಟ್ರೆ ಮುದುಕಿ ಹೊರಗೆ ಓಡಿ ಬರ್ತದಾ?" ಅಂತ ಸುಂದರ ಕೇಳಿದ.

ಡಾಕ್ಟ್ರು ನಕ್ಕರು. "ರಾಜರಿಗೆ ಗುಡಿಸ್ಲಿಕ್ಕೆ ಮಾತ್ರ ಗೊತ್ತು. ಅದೂ ಸತ್ತ ಮೇಲೆ."

ಆಮೇಲೆ ಹೇಳಿದರು. ಈಗ ತಣ್ಣನೆ ಊಟದ ದಿನ, ಗುಡಿಸುವ ದಿನ ಎರಡೂ ಒಂದೇ ಆಗಿದೆ. ಅದಕ್ಕೆ ಚಿಂಗ್‌ಮಿಂಗ್ ಅನ್ನುದು. ಆ ದಿನ ಚೀನಿಯರು ಎಲ್ಲಿದ್ದರೂ ಹಿರಿಯರ ಗೋರಿಗೆ ಹೋಗ್ತಾರೆ. ಹುಲ್ಲು ಕೀಳ್ತಾರೆ, ಗುಡಿಸ್ತಾರೆ, ಹೊಸ ಮಣ್ಣು ಹಾಕ್ತಾರೆ. ಗೋರಿಯ ಮೇಲೆ ಕಾಗದ ಇಟ್ಟು ಕಲ್ಲು ಹೇರ್ತಾರೆ. ದಾರಿಯಲ್ಲಿ ಹೋಗುವವರು ಕಾಗದ ಕಂಡರೆ ಈ ಸತ್ತವನಿಗೆ ಮಕ್ಕಳು ಉಂಟು ಅಂತ ತಿಳ್ಕೊಳ್ತಾರೆ. ಅಲ್ಲೇ ಕೂತು ಊಟ ಮಾಡ್ತಾರೆ. ಮಕ್ಕಳು ಗಾಳಿಪಟ ಬಿಡ್ತಾರೆ.

"ನೀವು ಯಾಕೆ ಹೋಗುದಿಲ್ಲ?"

"ಅಪ್ಪನ ಗೋರಿ ಅಸ್ಸಾಮಿನಲ್ಲಿ. ಹೋಗ್ಬೇಕಾದ್ರೆ ಪೊಲೀಸರ ಚೀಟಿ ಬೇಕು. ಕೊಡುದಿಲ್ಲ. ಹೆಂಡತಿಯದ್ದು ಆ ಕ್ಯಾಂಪಿನ ಮರಳಿನಲ್ಲಿ. ಗುರ್ತ ಇಲ್ಲ."

ಹಾಗೆ ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಪಾಟಿನ ಮೇಲೆ ಅಜ್ಜ, ಅಪ್ಪ, ಹೆಂಡತಿ ಅಂತ ಮೂರು ಫೋಟೋ ಇಡುತ್ತಿದ್ದರು. ಮುಂದೆ ಮೂರು ಕಪ್ಪಿನಲ್ಲಿ ತಣ್ಣನೆ ಚಹಾ, ಹಿಂದಿನ ದಿನ ಬೇಯಿಸಿದ ಮೊಟ್ಟೆ, ಕಿತ್ತಳೆ. ಸುಂದರ ಕಣ್ಣಲ್ಲಿ ಕಂಡದ್ದು ಆ ಕಪಾಟು ಮಾತ್ರ. ಗೋರಿ ಗುಡಿಸುದನ್ನು ಅವನು ಕಂಡದ್ದಿಲ್ಲ.

ಡಾಕ್ಟ್ರು ತೀರಿಹೋದದ್ದು ಎರಡು ಸಾವಿರದ ಮೂರರ ಏಪ್ರಿಲ್ ಕಡೆಗೆ. ಕುರ್ಚಿಯಲ್ಲಿ ಕೂತವರು ಎದ್ದಿಲ್ಲ. ಮಗಳು ಮದುವೆ ಆಗಿ ಕಲ್ಕತ್ತಾಕ್ಕೆ ಹೋಗಿ, ಅಲ್ಲಿಂದ ಕೆನಡಾಕ್ಕೆ ಹೋಗಿದ್ದಳು. ಅವಳ ಊರಿನಲ್ಲಿ ಆಗ ಸಾರ್ಸ್ ಅಂತ ಒಂದು ಜ್ವರ. ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಅಂಗಡಿಯ ಕೆಳಗಿನ ಮೆಡಿಕಲಿಗೆ ಫೋನು ಮಾಡಿ ಅತ್ತಳು.

"ಸುಂದರಣ್ಣ, ನೀವೇ ಮಗ ಅಂತ ತಿಳ್ಕೊಳ್ಳಿ. ಮಣ್ಣು ಮಾಡಿ. ಪ್ರತಿ ವರ್ಷ ಚಿಂಗ್‌ಮಿಂಗ್ ಮಾಡಿ. ಅಪ್ಪ ಜೀವಮಾನ ಇಡೀ ಅವರ ಅಪ್ಪನಿಗೆ ಮಾಡ್ಲಿಕ್ಕಾಗ್ಲಿಲ್ಲ ಅಂತ ಸಂಕಟಪಟ್ಟವರು. ಅವರಿಗೆ ಹಾಗೆ ಆಗ್ಬಾರ್ದು."

"ಆಯ್ತು ಅಕ್ಕ" ಅಂದ ಸುಂದರ.

ನೆಲ್ಯಾಡಿಯ ಹತ್ತಿರ ಗುಡ್ಡದ ಬದಿಯಲ್ಲಿ ಡಾಕ್ಟ್ರು ಮೂವತ್ತು ಸೆಂಟ್ಸ್ ಜಾಗ ತೆಗೆದಿಟ್ಟಿದ್ದರು. ಬೆನ್ನಿಗೆ ಗುಡ್ಡ, ಕಾಲಡಿಗೆ ನೀರು ಹರಿಯುವ ತೋಡು ಇದ್ದರೆ ಸತ್ತವನಿಗೆ ಒಳ್ಳೆಯದು ಅಂತ ಅವರೇ ನೋಡಿ ತೆಗೆದ ಜಾಗ. ಅಲ್ಲಿಯೇ ಮಣ್ಣು ಮಾಡಿದರು. ತಲೆಯ ಹತ್ತಿರ ಸುಂದರ ಒಂದು ಮುರಕಲ್ಲು ನಿಲ್ಲಿಸಿದ. ಮುಂದಿನ ವರ್ಷ ಸಿಮೆಂಟಿನಲ್ಲಿ ಕಟ್ಟುವ ಅಂತ ಇತ್ತು.

ಮುಂದಿನ ವರ್ಷ ಏಪ್ರಿಲ್ ಬಂತು. ಸುಂದರ ಹೊರಟ. ಊರ್ಮಿಳಾ ಬಾಗಿಲಿಗೆ ಅಡ್ಡ ನಿಂತಳು.

"ಸುಟ್ಟ ಜಾಗಕ್ಕೆ, ಹುಗಿದ ಜಾಗಕ್ಕೆ ನಾವು ತಿರುಗಿ ಹೋಗ್ಲಿಕ್ಕುಂಟಾ? ಸಣ್ಣ ಮಕ್ಕಳಿರುವ ಮನೆ. ಸತ್ತವರು ಬೆನ್ನಿಗೆ ಅಂಟಿಕೊಂಡು ಬಂದ್ರೆ ಯಾರಿಗೆ ಹೇಳುದು?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಅವರ ಮನೆಯಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಆ ಜಾಗದ ಕಡೆ ಯಾರೂ ತಲೆ ಹಾಕುವುದಿಲ್ಲ. ಸತ್ತವರನ್ನು ಮನೆಗೆ ಕರೆಯುದು. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಅವರವರಿಗೆ ಇಷ್ಟ ಇದ್ದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ಒಳಗೆ ಹೋಗುದು. ಹಿರಿಯರು ಬಂದು ಉಂಡು ಹೋದರು ಅಂತ ಲೆಕ್ಕ.

ಸುಂದರ ಆಲೋಚನೆ ಮಾಡಿದ. ಡಾಕ್ಟ್ರೂ ಹಾಗೇ ಮಾಡುತ್ತಿದ್ದರಲ್ಲ, ಕೋಣೆಯ ಒಳಗೆ, ಕಪಾಟಿನಲ್ಲಿ. ಹಾಗಾದರೆ ಅದೇ ಇದು. ಆ ವರ್ಷದ ಆಟಿಯಲ್ಲಿ ಅವನು ಅಪ್ಪ ಅಮ್ಮನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದ.

"ಕುಲ ಗೋತ್ರ ಗೊತ್ತಿಲ್ಲದವರನ್ನು ನಮ್ಮ ಹಿರಿಯರ ಸಾಲಿಗೆ ಕೂರಿಸುದಾ?" ಅಂದಳು ಊರ್ಮಿಳಾ.

"ಅನ್ನ ಕೊಟ್ಟವರು. ಬೇಕಾದ್ರೆ ಸ್ವಲ್ಪ ಆಚೆ ಹಾಕುವ" ಅಂದ. ಒಂದು ಮೊಳ ಆಚೆ ಹಾಕಿದ. ಮೊಟ್ಟೆ, ಹುರಿದ ಮೀನು, ಸಕ್ಕರೆ ಹಾಕದ ಕರಿ ಚಹಾ. ಇಪ್ಪತ್ತೊಂದು ಆಟಿ ತಪ್ಪಲಿಲ್ಲ. ಎರಡು ಸಲ ಅವನಿಗೆ ಜ್ವರ ಇದ್ದರೂ ಎದ್ದು ಬಡಿಸಿದ್ದಾನೆ. ಏಪ್ರಿಲಿನಲ್ಲಿ ಫೋನು ಬಂದಾಗ ಮೊದಲ ವರ್ಷ ಮುಂದೆ ಬರುವ ಆಟಿಯನ್ನು, ಆಮೇಲೆ ಹಿಂದಿನ ಆಟಿಯನ್ನು ಮನಸ್ಸಲ್ಲಿ ಇಟ್ಟುಕೊಂಡು "ಆಯ್ತು" ಅಂದಿದ್ದಾನೆ.

ಆದರೂ ಒಂದು ಮುಳ್ಳು ಒಳಗೆ ಇತ್ತು. ಹುಲ್ಲು ಕೀಳ್ತಾರೆ, ಗುಡಿಸ್ತಾರೆ ಅಂತ ಡಾಕ್ಟ್ರು ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಎರಡು ಸಾವಿರದ ಹದಿನೆಂಟರ ದೊಡ್ಡ ಮಳೆಗೆ ಆ ಗುಡ್ಡ ಜಾರಿತು. ಗುಡ್ಡದ ಕೆಳಗೆ ಮನೆ ಮಾಡಿಕೊಂಡಿರುವ ಹಕೀಮ್, ರಬ್ಬರ್ ಟ್ಯಾಪಿಂಗ್ ಮಾಡುವವನು, ಪುತ್ತೂರು ಸಂತೆಯಲ್ಲಿ ಸಿಕ್ಕಿ ಹೇಳಿದ್ದ. "ಸುಂದರಣ್ಣ, ನಿಮ್ಮ ಡಾಕ್ಟ್ರ ಜಾಗ ಅರ್ಧ ತೋಡಿಗೆ ಬಂದಿದೆ. ಒಮ್ಮೆ ಬಂದು ನೋಡಿ." ಸುಂದರ ಹೋಗಬೇಕು ಅಂತ ಎಣಿಸಿದ. ಹೋಗಲಿಲ್ಲ. ಏನು ಕಾಣಬೇಕಾದೀತೋ ಅಂತ ಹೆದರಿಕೆ.

ಈಗ ಹೋಗದೆ ನಿರ್ವಾಹ ಇರಲಿಲ್ಲ.

ಮಾರ್ಚಿ ಕಡೆಯ ವ್ಯವಹಾರ. ರಬ್ಬರಿಗೆಲ್ಲ ಹೊಸ ಎಲೆ. ಹಕೀಮನನ್ನು ಕರೆದುಕೊಂಡು ಗುಡ್ಡ ಹತ್ತಿದರೆ ಗುರುತು ಹಿಡಿಯಲಿಕ್ಕೆ ಒಂದೂ ಇಲ್ಲ. ನಿಲ್ಲಿಸಿದ ಕಲ್ಲು ಇಲ್ಲ. ದಿಬ್ಬ ಇಲ್ಲ. ಜಾರಿದ ಮಣ್ಣಿನ ಮೇಲೆ ಎದೆಮಟ್ಟ ಗಿಡಗಂಟಿಯ ಬಲ್ಲೆ. ಕಬ್ಬಿಣದ ಸಲಾಕೆ ಕುತ್ತಿ ಕುತ್ತಿ ನೋಡಿದರು. ಒಂದು ಕಡೆ ಮೆತ್ತಗೆ ಇತ್ತು. ಅಗೆದರೆ ಹೆಗ್ಗಣದ ಬಿಲ. ಐದು ದಿನ ಹುಡುಕಿದರು.

"ನಾವು ಕಬರಸ್ತಾನಕ್ಕೆ ಹೋಗಿ ಸಲಾಂ ಹೇಳಿ ಬರುದುಂಟು. ನಿಮ್ಮಲ್ಲಿ ಹೋಗುದೇ ಇಲ್ವಾ?" ಅಂತ ಹಕೀಮ್ ಕೇಳಿದ.

"ಇಲ್ಲ."

"ಹಾಗಾದ್ರೆ ಹೋಗುವವರಿಗೆ ಯಾಕೆ ಮಾತು ಕೊಟ್ರಿ ಮಾರಾಯ್ರೆ?"

ಸುಂದರ ಸಲಾಕೆಯ ಮಣ್ಣು ಒರೆಸಿ ಇನ್ನೊಂದು ಕಡೆ ಕುತ್ತಿದ.

ಉಪಾಯ ಹೇಳಿದ್ದು ಊರ್ಮಿಳಾ. "ಒಂದು ಜಾಗ ಚೊಕ್ಕ ಮಾಡಿ ತೋರಿಸಿ ಬಿಡಿ. ಅಗೆದ್ರೆ ಎಂತ ಸಿಕ್ಕುದಿಲ್ಲ. ಮುರಮಣ್ಣು ಮೂಳೆ ತಿಂತದೆ ಅಂತ ಹೇಳಿ. ಅದು ಸುಳ್ಳೂ ಅಲ್ಲ. ಪಾಪದ ಹೆಂಗಸು ಒಂದು ಹಿಡಿ ಮಣ್ಣು ಕಟ್ಟಿಕೊಂಡು ಸಮಾಧಾನದಲ್ಲಿ ಹೋಗ್ತದೆ. ನಿಮಗೂ ಮರ್ಯಾದೆ ಉಳೀತದೆ."

ಎರಡು ದಿನ ಸುಂದರ ಗುಡ್ಡಕ್ಕೆ ಹೋಗಲಿಲ್ಲ. ಮೂರನೇ ದಿನ ಕೋರೆಯಿಂದ ಒಂದು ಕಲ್ಲು ತರಿಸಿದ. ಹಳೆಯ ಕೈ. ಅರ್ಧ ದಿನದಲ್ಲಿ ಕಡಿದು ಚಂದ ಮಾಡಿದ. ಹಳೆ ಕಲ್ಲಿನ ಹಾಗೆ ಕಾಣಲಿ ಅಂತ ಸೆಗಣಿ ನೀರು ಉಜ್ಜಿದ. ಗುಡ್ಡದಲ್ಲಿ ತೋಡಿಗೆ ಮುಖ ಮಾಡಿ ಒಂದು ಸಮ ತಟ್ಟು ಮಾಡಿದರು, ಮಣ್ಣು ಏರಿಸಿ ದಿಬ್ಬ ಮಾಡಿದರು. ಕಲ್ಲು ಹೊತ್ತು ತಂದ ಹಕೀಮ್ ಅದನ್ನು ಇಳಿಸಿ ಬೆವರು ಒರೆಸಿಕೊಂಡ.

"ಕಲ್ಲು ನಾನು ಹೊತ್ತೆ ಸುಂದರಣ್ಣ. ಸುಳ್ಳು ನೀವೇ ಹೊರ್ಬೇಕು. ಅದಕ್ಕೆ ನಾನಿಲ್ಲ."

ಏಪ್ರಿಲ್ ನಾಲ್ಕು ಬಂತು. ಮೇಲಿಯಕ್ಕ ಪುತ್ತೂರಿನ ಲಾಡ್ಜಿನಿಂದ ಬೆಳಿಗ್ಗೆ ಏಳಕ್ಕೇ ಕಾರು ಮಾಡಿಕೊಂಡು ನರಿಮೊಗರಿಗೆ ಬಂದಳು. ಸಣ್ಣ ದೇಹ, ಬಿಳಿ ಕೂದಲು, ಕಾಲಿಗೆ ದೊಡ್ಡ ಶೂ. ಸುಂದರನನ್ನು ಕಂಡು ಎರಡೂ ಕೈ ಹಿಡಿದುಕೊಂಡಳು.

"ಎಷ್ಟು ಸಪುರ ಆಗಿದ್ದೀರಿ ಮಾರಾಯ್ರೆ! ಊರ್ಮಿಳಕ್ಕ, ಇವರಿಗೆ ಊಟ ಹಾಕುದಿಲ್ವಾ?"

"ಹಾಕ್ತೇನೆ ಅಕ್ಕ. ಈ ತಿಂಗಳು ಅವರಿಗೆ ಗಂಟಲಲ್ಲಿ ಇಳೀಲಿಕ್ಕೆ ಇಲ್ಲ" ಅಂದಳು ಊರ್ಮಿಳಾ. ಅಂದು ಗಂಡನ ಮುಖ ನೋಡಿದಳು.

"ಒಂದು ಹಿಡಿಸೂಡಿ ಕೊಡಿ ಊರ್ಮಿಳಕ್ಕ. ಕೆನಡಾದಲ್ಲಿ ಸಿಕ್ಕುವ ಸೂಡಿಯಲ್ಲಿ ಕಸ ಹೋಗುದಿಲ್ಲ. ತೆಂಗಿನ ಕಡ್ಡಿದೇ ಆಗ್ಬೇಕು."

ಗುಡ್ಡದ ಬುಡದಲ್ಲಿ ಹಕೀಮ್ ಪಿಕ್ಕಾಸು ಹಿಡಿದು ನಿಂತಿದ್ದ. ನಮಸ್ಕಾರ ಹೇಳಿ ಮುಂದೆ ಹತ್ತಿದ. ಮೇಲಿಯಕ್ಕ ಏದುಸಿರು ಬಿಡುತ್ತಾ ಹತ್ತಿದಳು. ದಿಬ್ಬ ಕಂಡಕೂಡಲೇ ನಿಂತಳು. ಶೂ ಬಿಚ್ಚಿದಳು.

ಸುಂದರ ನೋಡುತ್ತಾ ನಿಂತ. ಅವಳು ಬಗ್ಗಿ ದಿಬ್ಬದ ಸುತ್ತ ಗುಡಿಸಿದಳು. ಗುಡಿಸಲಿಕ್ಕೆ ಕಸವೇ ಇರಲಿಲ್ಲ, ಆದರೂ ಗುಡಿಸಿದಳು. ತಲೆಯಿಂದ ಕಾಲಿನವರೆಗೆ, ಮಗುವಿನ ತಲೆ ಬಾಚಿದ ಹಾಗೆ ಮೆಲ್ಲ. ಚೀಲದಿಂದ ಹಳದಿ ಕಾಗದ ತೆಗೆದು ದಿಬ್ಬದ ಮೇಲೆ ಇಟ್ಟು ಕಲ್ಲು ಹೇರಿದಳು. ಡಬ್ಬಿಯಿಂದ ತಣ್ಣಗಿನ ಅನ್ನದ ಉಂಡೆ, ಮೊಟ್ಟೆ ತೆಗೆದು ಇಟ್ಟಳು. ಮೂರು ಸಣ್ಣ ಕಪ್ಪಿಗೆ ಚಹಾ ಹೊಯ್ದಳು. ಮೊಣಕಾಲು ಊರಿ ಹಣೆ ಮಣ್ಣಿಗೆ ಮುಟ್ಟಿಸಿ ಅವಳ ಭಾಷೆಯಲ್ಲಿ ಎಂತದೋ ಹೇಳಿದಳು. ಅಳುತ್ತಾ ಹೇಳಿದಳು. ಕಡೆಗೆ ಕನ್ನಡದಲ್ಲಿ ಅಂದಳು.

"ಅಪ್ಪ, ನಾನು ಬರ್ಲಿಲ್ಲ. ಆದ್ರೆ ನೋಡಿ, ಸುಂದರಣ್ಣ ನಿಮ್ಮನ್ನು ಎಷ್ಟು ಚೊಕ್ಕ ಇಟ್ಟಿದ್ದಾರೆ."

ಎದ್ದು ತಿರುಗಿದಳು. ಸುಂದರನ ಕಾಲು ಮುಟ್ಟಲಿಕ್ಕೆ ಬಗ್ಗಿದಳು.

ಸುಂದರ ಹಾವು ತುಳಿದವನ ಹಾಗೆ ಹಿಂದೆ ಹಾರಿದ.

"ಬೇಡ ಅಕ್ಕ. ಬೇಡ. ಇದರ ಅಡಿಯಲ್ಲಿ ಡಾಕ್ಟ್ರು ಇಲ್ಲ."

"ಎಂತ?"

"ಇದು ನಾನು ಮೊನ್ನೆ ಮಾಡಿದ್ದು. ಕಲ್ಲು ಹೊಸತು. ಡಾಕ್ಟ್ರು ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ."

ಹಕೀಮ್ ಅತ್ತ ತಿರುಗಿ ನಿಂತ. ಮೇಲಿಯಕ್ಕ ಒಮ್ಮೆ ದಿಬ್ಬ ನೋಡಿದಳು, ಒಮ್ಮೆ ಇವನನ್ನು. ತಮಾಷೆ ಇರಬೇಕು ಅಂತ ನಗಲಿಕ್ಕೆ ಹೊರಟಳು.

ಸುಂದರ ಎಲ್ಲ ಹೇಳಿದ. ಅವನ ಜೀವಮಾನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿದ್ದಿಲ್ಲ. ಮಳೆಗೆ ಗುಡ್ಡ ಜಾರಿದ್ದು, ಹಕೀಮ್ ಹೇಳಿದರೂ ಬಾರದ್ದು, ಎಲೆ ಹಾಕಿ ಬಡಿಸಿದ್ದು.

"ನಮ್ಮಲ್ಲಿ ಸತ್ತವರ ಜಾಗಕ್ಕೆ ಹೋಗುದಿಲ್ಲ ಅಕ್ಕ. ಅವರನ್ನು ಮನೆಗೆ ಕರೆಯುದು. ನಾನು ಒಂದು ವರ್ಷವೂ ತಪ್ಪಿಸ್ಲಿಲ್ಲ. ಅದೇ ಚಿಂಗ್‌ಮಿಂಗ್ ಅಂತ ಎಣಿಸಿದೆ."

"ಗುಡಿಸ್ಬೇಕು ಅಂತ ಗೊತ್ತಿರ್ಲಿಲ್ವಾ ನಿಮಗೆ? ಅಪ್ಪ ಹೇಳ್ಲಿಲ್ವಾ?"

ಇಲ್ಲ ಅಂದರೆ ಮುಗಿಯುತ್ತಿತ್ತು. ಸುಂದರ ನೆಲ ನೋಡಿದ.

"ಹೇಳಿದ್ರು. ಗೊತ್ತಿತ್ತು. ಹೆದರಿ ಬರ್ಲಿಲ್ಲ."

ಮೇಲಿಯಕ್ಕ ಕೂಗಾಡಲಿಲ್ಲ. ದಿಬ್ಬದ ಮೇಲಿನ ಕಲ್ಲು ತೆಗೆದಳು. ಕಾಗದ ಮಡಚಿದಳು.

"ನನ್ನ ಅಮ್ಮನ ಗೋರಿ ಸರ್ಕಾರ ಕಳೆಯಿತು" ಅಂದಳು. "ಅಪ್ಪನದ್ದು ನೀವು ಕಳೆದ್ರಿ. ಸರ್ಕಾರ ನನಗೆ ಮಾತು ಕೊಟ್ಟಿರ್ಲಿಲ್ಲ, ಸುಂದರಣ್ಣ."

ಅದಕ್ಕಿಂತ ಎರಡು ಪೆಟ್ಟು ಕೊಟ್ಟಿದ್ದರೆ ಸುಂದರನಿಗೆ ಹಗುರ ಆಗುತ್ತಿತ್ತು.

ಆ ದಿನ ಸಂಜೆವರೆಗೆ ಅಗೆದರು. ಮರುದಿನವೂ ಅಗೆದರು. ಹಕೀಮ್ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಮೇಲಿಯಕ್ಕ ಬರಿಗೈಯಲ್ಲಿ ಮಣ್ಣು ಜಾಲಾಡಿದಳು. ಬೇರು ಸಿಕ್ಕಿತು, ಗಟ್ಟಿ ಮುರ ಸಿಕ್ಕಿತು. ಎರಡನೇ ದಿನ ಮಧ್ಯಾಹ್ನ ಬೆಳ್ಳಗೆ ಒಂದು ಕಂಡಾಗ ಎಲ್ಲರೂ ಉಸಿರು ಹಿಡಿದರು. ಅದು ಪಿಂಗಾಣಿಯ ಚೂರು. ಯಾವ ಮನೆಯದ್ದೋ, ಯಾವ ಕಾಲದ್ದೋ.

ಊರ್ಮಿಳಾ ಊಟ ಕಟ್ಟಿ ಕಳಿಸಿದ್ದಳು. ಮೇಲಿಯಕ್ಕ ಮುಟ್ಟಲಿಲ್ಲ. ಒಮ್ಮೆ ಮಾತ್ರ, ಗುಂಡಿಯ ಬದಿಯಲ್ಲಿ ಕೂತಾಗ ಕೇಳಿದಳು.

"ಅಪ್ಪನಿಗೆ ಎಂತ ಬಡಿಸ್ತಿದ್ರಿ?"

"ಮೊಟ್ಟೆ. ಹುರಿದ ಮೀನು. ಸಕ್ಕರೆ ಇಲ್ಲದ ಚಹಾ."

ಅವಳು ಎದ್ದು ಪುನಃ ಗುಂಡಿಗೆ ಇಳಿದಳು.

ಏಪ್ರಿಲ್ ಏಳಕ್ಕೆ ಮಂಗಳೂರಿನಿಂದ ಅವಳ ವಿಮಾನ. ತಂದ ಭರಣಿ ಖಾಲಿಯೇ ವಾಪಸು ಹೋಯಿತು. ಕಾರಿನ ಬಾಗಿಲು ಹಾಕುವ ಮೊದಲು ಅಂದಳು. "ಇನ್ನು ನಾನು ಏಪ್ರಿಲಿನಲ್ಲಿ ಫೋನು ಮಾಡುದಿಲ್ಲ. ನೀವು ಎಂತ ಹೇಳಿದ್ರೂ ನನಗೆ ನಂಬ್ಲಿಕ್ಕೆ ಆಗುದಿಲ್ಲ."

ಸುಂದರ ಆಮೇಲೆ ವಾರಕ್ಕೆ ಎರಡು ಸಲ ನೆಲ್ಯಾಡಿ ಬಸ್ಸು ಹತ್ತಿದ. ಬಲ್ಲೆ ಕಡಿದ. ತಾನು ಮಾಡಿದ ಸುಳ್ಳು ದಿಬ್ಬವನ್ನು ಸಮ ಮಾಡಿದ, ಹೊಸ ಕಲ್ಲನ್ನು ಉರುಳಿಸಿ ಆಚೆ ಹಾಕಿದ. ಎಲ್ಲಿ ಅಂತ ಗೊತ್ತಿಲ್ಲದ್ದರಿಂದ ಮೂವತ್ತು ಸೆಂಟ್ಸೂ ಗುಡಿಸಿದ. ಗುಡಿಸಿದ ಮೇಲೆ ರಬ್ಬರ್ ಎಲೆ ಪುನಃ ಬಿದ್ದಿರುತ್ತಿತ್ತು. ಹಕೀಮನ ಹೆಂಡತಿ ಝುಬೈದಾ ಅಂಗಳದಿಂದ ನೋಡಿ ಗಂಡನಿಗೆ ಹೇಳಿದಳಂತೆ, "ಆ ಅಜ್ಜನಿಗೆ ಯಾರಾದ್ರೂ ಹೇಳಿ, ಗುಡ್ಡ ಗುಡಿಸಿ ಮುಗಿಸಿದವರು ಇಲ್ಲ ಅಂತ." ಹಕೀಮ್ ಹೇಳಲಿಲ್ಲ. ಮಳೆ ನೀರು ಹೋಗಲಿಕ್ಕೆ ಮೇಲಿನಿಂದ ಒಂದು ಕಣಿ ತೆಗೆಯಲಿಕ್ಕೆ ಅವನೂ ಕೈ ಹಾಕಿದ. ಹದಿನೆಂಟರ ಮೊದಲು ಆ ಕಣಿ ಇದ್ದಿದ್ದರೆ ಗುಡ್ಡ ಜಾರುತ್ತಿತ್ತೋ ಇಲ್ಲವೋ. ಸುಂದರ ಅದನ್ನು ಹಕೀಮನ ಹತ್ತಿರ ಕೇಳಲಿಲ್ಲ. ಕೇಳಲಿಕ್ಕೆ ಧೈರ್ಯ ಬರಲಿಲ್ಲ.

ಆಟಿ ಬಂತು. ಬಡಿಸುವ ದಿನ. ಊರ್ಮಿಳಾ ಬೆಳಿಗ್ಗೆಯೇ ಅಡುಗೆ ಮಾಡಿ ಎಲೆ ಒರೆಸುತ್ತಾ ಕೇಳಿದಳು.

"ಡಾಕ್ಟ್ರಿಗೆ ಹಾಕುದಾ, ಬೇಡವಾ?"

ಸುಂದರನಿಗೂ ಬೆಳಿಗ್ಗೆಯಿಂದ ಅದೇ ಆಲೋಚನೆ. ಹಾಕಿದರೆ ಯಾವ ಮುಖದಲ್ಲಿ? ಹಾಕದಿದ್ದರೆ ಇಷ್ಟು ವರ್ಷ ಬಂದವರು, ಬಂದದ್ದು ಹೌದಾದರೆ, ಬಾಗಿಲಲ್ಲಿ ನಿಂತು ವಾಪಸು ಹೋಗಬೇಕಲ್ಲ. ಕಡೆಗೆ ಅವನು ಫೋನು ತೆಗೆದ. ಇಪ್ಪತ್ತೆರಡು ವರ್ಷದಲ್ಲಿ ಅವನಾಗಿ ಕೆನಡಾಕ್ಕೆ ಫೋನು ಮಾಡಿದ್ದು ಅದೇ ಮೊದಲು. ಬಹಳ ಹೊತ್ತು ರಿಂಗಾಯಿತು.

"ಹೇಳಿ" ಅಂದಳು ಮೇಲಿಯಕ್ಕ. ಹೇಗಿದ್ದೀರಿ ಅಂತ ಕೇಳಲಿಲ್ಲ.

"ಅಕ್ಕ, ಇವತ್ತು ನಮ್ಮಲ್ಲಿ ಹಿರಿಯರಿಗೆ ಬಡಿಸುದು. ಡಾಕ್ಟ್ರಿಗೆ ಎಲೆ ಹಾಕ್ಲಾ? ನೀವು ಬೇಡ ಅಂದ್ರೆ ಹಾಕುದಿಲ್ಲ."

ಕಟ್ ಆಯಿತಾ ಅಂತ ಸುಂದರ ಫೋನು ಕಣ್ಣ ಹತ್ತಿರ ಹಿಡಿದು ನೋಡಿದ.

"ಅಲ್ಲಿ ಮಳೆ ಉಂಟಾ?"

"ಉಂಟು. ಮೂರು ದಿನದಿಂದ ಬಿಡ್ಲಿಲ್ಲ."

"ಗುಡ್ಡ?"

"ಸೋಮವಾರ ಹೋಗಿದ್ದೆ. ಕಣಿಯಲ್ಲಿ ನೀರು ಸರಿಯಾಗಿ ಹೋಗ್ತಾ ಇತ್ತು. ಇವತ್ತು ಹೇಗುಂಟು ಅಂತ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಿದ್ರಿ. ಅದು ಒಳ್ಳೆದಾಯ್ತು" ಅಂದಳು ಮೇಲಿಯಕ್ಕ. ಸ್ವರ ಸ್ವಲ್ಪವೂ ಮೆತ್ತಗೆ ಆಗಿರಲಿಲ್ಲ. "ಮೊದಲು ಹೋಗಿ ನೋಡಿ. ನೋಡಿ ಹೇಳಿ. ಎಲೆಯ ವಿಷಯ ಆಮೇಲೆ."

ಫೋನು ಇಟ್ಟಳು.

ಸುಂದರ ಎದ್ದು ಗೋಡೆಯ ಮೊಳೆಯಿಂದ ಕೊಡೆ ತೆಗೆದ. ಮೂಲೆಯಿಂದ ಪಿಕ್ಕಾಸು ತೆಗೆದ. ಊರ್ಮಿಳಾ ಒದ್ದೆ ಎಲೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಈ ಸಲ ಅಡ್ಡ ನಿಲ್ಲಲಿಲ್ಲ.

"ಎಂತ ಹೇಳಿದ್ರು? ಎಷ್ಟು ಎಲೆ ಹಾಕುದು ನಾನು?"

"ಬಂದ ಮೇಲೆ ಹೇಳ್ತೇನೆ" ಅಂತ ಹೇಳಿ ಸುಂದರ ಮಳೆಗೆ ಇಳಿದ. ಹತ್ತೂವರೆಯ ಬಸ್ಸಿಗೆ ಇನ್ನು ಕಾಲು ಗಂಟೆ ಇತ್ತು.